ಬೆಂಕಿಯುಗುಳುವ ಗಿಡ

ಮಕ್ಕಳು ರಜೆಯ ದಿನಗಳಲ್ಲಿ ತೆರೆಯ ಮುಂದೆ ಕುಳಿತು ವಿಡಿಯೋ ಆಟಗಳಲ್ಲಿ ಹೊತ್ತು ಕಳೆಯುವರೆಂದು ಪಾಲಕರು ಬೇಸರಪಡುವುದನ್ನು ನಾವು ಆಗಾಗ ಕೇಳುತ್ತೇವೆ. ಆ ಬೇಸರಕ್ಕೆ ಕಾರಣವಿಲ್ಲವೆಂದು ನಾವು ಹೇಳಲಾರೆವು. ಆದರೆ ಅಂಥ ಆಟಗಳ ಒಂದು ಪ್ರಸಿದ್ಧ ಸರಣಿಯಲ್ಲಿ ಕೊಳವೆಯೊಳಗಿಂದ ತಲೆಯೆತ್ತಿ ಬೆಂಕಿಯನ್ನು ಉಗುಳುವ ಒಂದು ಗಿಡವಿದೆ. ಆಟವನ್ನು ಬಲ್ಲ ಹುಡುಗರಿಗೂ ಅದನ್ನು ಕಣ್ಣೆತ್ತಿ ನೋಡದ ಹಿರಿಯರಿಗೂ ಕೂಡಿಯೇ ಕಲಿಯಲು ಅದರಲ್ಲಿ ವಿಷಯವಿರುವುದರಿಂದ ಈ ಸಲದ ಪಾಠಕ್ಕೆ ಅದನ್ನೇ ಎತ್ತಿಕೊಂಡಿದ್ದೇವೆ.

ಜಪಾನಿನ ಕ್ಯೋಟೋ ನಗರದಲ್ಲಿ 1889ರಲ್ಲಿ ಸ್ಥಾಪನೆಗೊಂಡ ನಿಂಟೆಂಡೊ ಸಂಸ್ಥೆಯು ಮೊದಲು ಮಾಡುತ್ತಿದ್ದುದು ಆಟದ ಎಲೆಗಳನ್ನು. ಆ ಎಲೆಗಳ ಮೇಲೆ ತಿಂಗಳಿಗೊಂದರಂತೆ ಹೂಗಿಡಗಳ ಚಿತ್ರಗಳಿರುತ್ತಿದ್ದವು. ಅದೇ ಸಂಸ್ಥೆಯು 1985ರ ಸೆಪ್ಟೆಂಬರಿನಲ್ಲಿ ‘ಸೂಪರ್ ಮಾರಿಯೋ ಬ್ರದರ್ಸ್’ ಎಂಬ ಆಟವನ್ನು ಹೊರತಂದಿತು. ಇದನ್ನು ರೂಪಿಸಿದವರು ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಎಂಬುವರು. ಮಾರಿಯೋ ಎಂಬ ಮೀಸೆಯ ಕೊಳಾಯಿ ಕೆಲಸಗಾರನು ಓಡುತ್ತ, ಹಳ್ಳಗಳನ್ನು ಹಾರುತ್ತ, ಅಟ್ಟದಿಂದ ಅಟ್ಟಕ್ಕೆ ನೆಗೆಯುತ್ತ ಮುಂದೆ ಸಾಗಬೇಕು. ಹಾದಿಯಲ್ಲಿ ಹಸುರು ಬಣ್ಣದ ದಪ್ಪ ಕೊಳವೆಗಳು ನಿಂತಿರುತ್ತವೆ. ಅವುಗಳ ಬಾಯಿಂದ ನಮ್ಮ ಗಿಡವು ಮೇಲೇಳುತ್ತದೆ, ಬಾಯಿ ತೆರೆದು ಮುಚ್ಚುತ್ತದೆ, ಮತ್ತೆ ಒಳಗಿಳಿಯುತ್ತದೆ. ಜಪಾನೀಯರು ಇದನ್ನು ‘ಪಾಕ್ಕುನ್ ಫ್ಲವರ್’ ಎನ್ನುತ್ತಾರೆ. ನಾವು ‘ಗಬಕ್ಕನೆ’ ಎನ್ನುವಂತೆ, ಬಾಯಿ ಹಾಕಿ ನುಂಗುವ ಸದ್ದನ್ನು ಅನುಕರಿಸುವ ಮಾತು ಅದು. ಇಂಗ್ಲಿಷಿನಲ್ಲಿ ಇದಕ್ಕೆ ದಕ್ಷಿಣ ಅಮೇರಿಕದ ನದಿಗಳ ಚೂಪು ಹಲ್ಲಿನ ಮೀನಿನ ಹೆಸರನ್ನು ಕೊಟ್ಟು ‘ಪಿರಾನ್ಹಾ ಪ್ಲ್ಯಾಂಟ್’ ಎಂದು ಕರೆದರು.

ಅಂದಿನ ಆ ಆಟವೆಲ್ಲವೂ, ಸಂಗೀತ ಚಿತ್ರಗಳು ಸಹಿತವಾಗಿ, 40 ಕಿಲೋಬೈಟುಗಳೊಳಗೆ ಅಡಗಿತ್ತೆಂಬುದು ಗಮನಿಸತಕ್ಕ ಸಂಗತಿ. ಇಂದು ಕೈಯ ಫೋನಿನಲ್ಲಿ ತೆಗೆಯುವ ಒಂದೇ ಭಾವಚಿತ್ರಕ್ಕೆ ಅದರ ಹತ್ತಾರು ಪಟ್ಟು ಸ್ಥಳ ಬೇಕಾಗುತ್ತದೆ. ಸ್ಥಳವನ್ನು ಉಳಿಸಲು ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಆಕೃತಿಯನ್ನು ಬಳಸಿ ಬಣ್ಣವನ್ನು ಮಾತ್ರ ಬದಲಿಸಿದ್ದರು. ಇಂಥ ಬಿಗುವಿನಲ್ಲಿ ಗಿಡಕ್ಕೆ ದೊರೆತ ಬುದ್ಧಿಯಾದರೂ ಎಷ್ಟು? ಇಷ್ಟು ಹೊತ್ತು ಒಳಗಿರು, ಇಷ್ಟು ಹೊತ್ತು ಹೊರಗಿರು. ಮಾರಿಯೋ ಕೊಳವೆಯ ಮೇಲೆ ಅಥವಾ ಅದರ ಮಗ್ಗುಲಲ್ಲಿ ನಿಂತಿದ್ದರೆ ಮೇಲೆ ಬರಬೇಡ. ಇಷ್ಟೇ. ಈ ಕೊನೆಯ ಕಟ್ಟಳೆಯನ್ನು ನಾವು ಮೆಚ್ಚುತ್ತೇವೆ. ಅದಿಲ್ಲದಿದ್ದರೆ ಕೊಳವೆಯ ಮೇಲೆ ಕಾಲಿಟ್ಟವನು ತನ್ನ ತಪ್ಪಿಲ್ಲದೆಯೇ ಸಾಯಬೇಕಾಗುತ್ತಿತ್ತು. ಆಡುವ ಹುಡುಗನು ಎರಡು ಸಲ ಸೋತ ಮೇಲೆ ಗುಟ್ಟನ್ನು ತಾನಾಗಿ ಕಂಡುಕೊಳ್ಳುತ್ತಾನೆ, ಕಂಡುಕೊಂಡಮೇಲೆ ಮರೆಯುವುದಿಲ್ಲ. 1986ರಲ್ಲಿ ಜಪಾನಿನಲ್ಲಿ ಬಂದ ಎರಡನೆಯ ಆಟದಲ್ಲಿ ಕೆಂಪು ಗಿಡಗಳನ್ನು ಇಟ್ಟು, ಮಗ್ಗುಲಲ್ಲಿ ನಿಂತರೂ ಅವು ಮೇಲೇಳುವಂತೆ ಮಾಡಿ, ಕಲಿತ ಪಾಠವನ್ನೇ ಬಲೆಯಾಗಿಸಿದರು.

ಬೆಂಕಿ ಬಂದುದು 1988ರ ಮೂರನೆಯ ಆಟದಲ್ಲಿ. ಅಲ್ಲಿಯ ಗಿಡವು ಕೊಳವೆಯಿಂದ ಎದ್ದು, ಮಾರಿಯೋ ಇರುವ ಕಡೆಗೆ ಮುಖ ತಿರುಗಿಸಿ, ಅವನು ಮೇಲಿದ್ದರೆ ಮೇಲಕ್ಕೂ ಕೆಳಗಿದ್ದರೆ ಕೆಳಕ್ಕೂ ನೋಡಿ, ಬೆಂಕಿಯ ಉಂಡೆಯನ್ನು ಉಗುಳುತ್ತದೆ. ಉಂಡೆಯು ನೇರವಾದ ಗೆರೆಯಲ್ಲಿ ಹೋಗುತ್ತದೆ. ಹೊರಟಮೇಲೆ ದಿಕ್ಕು ಬದಲಿಸುವುದಿಲ್ಲ. ಆದುದರಿಂದ ಗಿಡದ ಮುಖವನ್ನು ಓದಬಲ್ಲವನು ಬೆಂಕಿಯಿಂದ ತಪ್ಪಿಸಿಕೊಳ್ಳಬಲ್ಲನು. ಮಾರಿಯೋ ತಾನೂ ಬೆಂಕಿ ಎಸೆಯಬೇಕಾದರೆ ಅದೇ ಆಟದ ಇನ್ನೊಂದು ಹೂವನ್ನು ಪಡೆಯಬೇಕು. ಅಂದಮೇಲೆ ಶತ್ರುವಿನ ಬೆಂಕಿಯೂ ನಾಯಕನ ಬೆಂಕಿಯೂ ಹೂವಿನಿಂದಲೇ ಹುಟ್ಟಿದುವು. ಅದೇ ಆಟದ ನಾಲ್ಕನೆಯ ಲೋಕದಲ್ಲಿ ಇಟ್ಟಿಗೆ, ಕೊಳವೆ, ಆಮೆ ಎಲ್ಲವೂ ದೈತ್ಯಾಕಾರ, ಗಿಡವೂ ಹಾಗೆಯೇ. ಮುಂದಿನ ಆಟಗಳಲ್ಲಿ ಗಾತ್ರವೂ ಬೆಂಕಿಯೂ ಒಂದೇ ಗಿಡದಲ್ಲಿ ಕೂಡಿದುವು. 2007ರ ‘ಸೂಪರ್ ಮಾರಿಯೋ ಗ್ಯಾಲಕ್ಸಿ’ಯಲ್ಲಿ ಈ ಕುಲದ ದೈತ್ಯವೊಂದು ಮೈಯೆಲ್ಲ ಉರಿಹೊತ್ತು ಓಡಿಬರುತ್ತದೆ. ಅದರ ಬಾಲದ ತುದಿಯ ಗುಂಡನ್ನೇ ಹೊಡೆದು ಅದರ ಮೈಗೆ ತಿರುಗಿ ಬಡಿಯುವಂತೆ ಮಾಡದೆ ಗೆಲ್ಲಲು ಬೇರೆ ದಾರಿಯಿಲ್ಲ. ಯಕ್ಷಗಾನದ ಭಸ್ಮಾಸುರನನ್ನು ಕಂಡ ನಮ್ಮ ಪಾಲಕರಿಗೆ ಈ ಉಪಾಯ ಹೊಸದೇನಲ್ಲ.

ಬೆಂಕಿಯುಗುಳುವ ಆ ಗಿಡಕ್ಕೆ ಇಂಗ್ಲಿಷಿನಲ್ಲಿ ‘ವೀನಸ್ ಫೈರ್ ಟ್ರ್ಯಾಪ್’ ಎಂದು ಹೆಸರಿಟ್ಟರು. ‘ವೀನಸ್ ಫ್ಲೈಟ್ರ್ಯಾಪ್’, ಅಂದರೆ ವೀನಸ್ ದೇವತೆಯ ನೊಣಬೋನು, ಎಂಬ ನಿಜವಾದ ಗಿಡದ ಹೆಸರನ್ನು ತುಸು ತಿರುಚಿದುದು ಇದು. ಆ ನಿಜವಾದ ಗಿಡವು ಆಟದ ಗಿಡಕ್ಕಿಂತ ಹೆಚ್ಚು ಜಾಣತನದ್ದೆಂದು ನಮ್ಮ ಮತ.

ಅಮೇರಿಕದ ಉತ್ತರ ಮತ್ತು ದಕ್ಷಿಣ ಕ್ಯಾರೊಲೈನಾ ರಾಜ್ಯಗಳ ಕರಾವಳಿಯ ಹತ್ತಿರ, ವಿಲ್ಮಿಂಗ್ಟನ್ ಪಟ್ಟಣದ ಸುತ್ತಿನ ಸುಮಾರು 160 ಕಿಲೋಮೀಟರುಗಳೊಳಗೆ ಮಾತ್ರ ಇದು ತಾನಾಗಿ ಬೆಳೆಯುತ್ತದೆ. ಅಲ್ಲಿಯ ಒದ್ದೆ ಮರಳುನೆಲದಲ್ಲಿ ಸಾರವಿಲ್ಲ. ಮುಖ್ಯವಾಗಿ ಸಾರಜನಕದ ಕೊರತೆ. ಬೇರು ಕೊಡಲಾರದ್ದನ್ನು ಎಲೆ ಸಂಪಾದಿಸಬೇಕಾಯಿತು. ಬೋನೆಂದರೆ ಎಲೆಯ ತುದಿಯೇ. ತೆರೆದ ಪುಸ್ತಕದಂತೆ ಎರಡು ಹಾಳೆಗಳು, ಅಂಚಿನಲ್ಲಿ ಹಲ್ಲುಗಳು, ಪ್ರತಿ ಹಾಳೆಯ ಒಳಮೈಯಲ್ಲಿ ಸಾಮಾನ್ಯವಾಗಿ ಮೂರು ಸೂಕ್ಷ್ಮ ರೋಮಗಳು. ಕೀಟವು ಒಂದು ರೋಮವನ್ನು ತಾಕಿದರೆ ಬೋನು ಮುಚ್ಚುವುದಿಲ್ಲ. ಸುಮಾರು 20 ಸೆಕೆಂಡುಗಳೊಳಗೆ ಎರಡನೆಯ ಸಲ ತಾಕಿತೋ, ಒಂದು ಸೆಕೆಂಡಿನ ಹತ್ತರಲ್ಲೊಂದು ಭಾಗದಲ್ಲಿ ಮುಚ್ಚಿಕೊಳ್ಳುತ್ತದೆ. ಮಳೆಯ ಹನಿಗೂ ಗಾಳಿಯ ಕಸಕ್ಕೂ ಮೋಸಹೋಗದಿರಲು ಈ ಲೆಕ್ಕ. ಸಿಕ್ಕಿದ ಕೀಟವು ಒದ್ದಾಡಿ ಮತ್ತೆ ಮತ್ತೆ ರೋಮಗಳನ್ನು ತಾಕಿದಾಗಲೇ, ಸುಮಾರು ಐದನೆಯ ಸ್ಪರ್ಶದ ಹೊತ್ತಿಗೆ, ಜೀರ್ಣರಸವನ್ನು ಸಿದ್ಧಪಡಿಸುವ ಕೆಲಸ ಮೊದಲಾಗುತ್ತದೆಂದು 2016ರಲ್ಲಿ ಜರ್ಮನಿಯ ವಿಜ್ಞಾನಿಗಳು ಪ್ರಕಟಿಸಿದರು. ಮಿದುಳಿಲ್ಲದ ಜೀವಿಯೊಂದು ಐದರವರೆಗೆ ಎಣಿಸುತ್ತದೆ! ಪ್ರತಿ ಸ್ಪರ್ಶವೂ ಎಲೆಯಲ್ಲಿ ಒಂದು ವಿದ್ಯುತ್ ಸಂಕೇತವನ್ನು ಎಬ್ಬಿಸುತ್ತದೆ. ಇದನ್ನು ಬರ್ಡನ್ ಸ್ಯಾಂಡರ್ಸನ್ ಎಂಬ ಇಂಗ್ಲೆಂಡಿನ ವಿಜ್ಞಾನಿ 1873ರಷ್ಟು ಹಿಂದೆಯೇ ಅಳೆದು ತೋರಿಸಿದ್ದನು. ಡಾರ್ವಿನನ ಕೀಟಾಹಾರಿ ಸಸ್ಯಗಳ ಗ್ರಂಥವು ಬಂದುದು 1875ರಲ್ಲಿ.

ಹಾಗಾದರೆ ಈ ಗಿಡವನ್ನು ಆಟದಲ್ಲಿದ್ದಂತೆ ಆಳೆತ್ತರಕ್ಕೆ ಬೆಳೆಸಿದರೆ ಮನುಷ್ಯನನ್ನು ಹಿಡಿದೀತೇ ಎಂದು ಯಾವನಾದರೂ ಹುಡುಗನು ಕೇಳಿಯೇ ಕೇಳುತ್ತಾನೆ. ಹಿಡಿಯಲಾರದು. ಬೋನಿನ ಉದ್ದ ಎರಡು ಮೂರು ಸೆಂಟಿಮೀಟರು. ಉದ್ದ, ಅಗಲ, ದಪ್ಪ ಮೂರನ್ನೂ ಹತ್ತು ಪಟ್ಟು ಮಾಡಿದರೆ ತೂಕ ಸಾವಿರ ಪಟ್ಟಾಗುತ್ತದೆ. ಆ ತೂಕವನ್ನು ಹೊರುವ ತೊಟ್ಟಿನ ಕೊಯ್ದ ಮುಖದ ಕ್ಷೇತ್ರಫಲವಾದರೋ ನೂರೇ ಪಟ್ಟು. ಮೇಲಾಗಿ, ಎಲೆಯೊಳಗಿನ ನೀರು ಒಂದು ಪದರದಿಂದ ಇನ್ನೊಂದಕ್ಕೆ ಸರಿದು ಎಲೆಯ ಬಾಗು ಬದಲಾಗುವುದರಿಂದ ಬೋನು ಮುಚ್ಚುತ್ತದೆ. ಎಲೆ ದಪ್ಪವಾದಷ್ಟೂ ನೀರು ಸರಿಯಲು ತಡ. ಅಂಥ ದೈತ್ಯವು ಬಾಯಿ ಮುಚ್ಚುವಷ್ಟರಲ್ಲಿ ಮಾರಿಯೋ ಮುಂದಿನ ಕೊಳವೆಯನ್ನು ದಾಟಿರುತ್ತಾನೆ.

ಇನ್ನು ಬೆಂಕಿ. ನಿಜವಾದ ನೊಣಬೋನು ಬೆಂಕಿಯನ್ನು ಉಗುಳುವುದಿಲ್ಲ, ಆದರೆ ಬೆಂಕಿಯಿಲ್ಲದೆ ಬಾಳಲಾರದು. ಅದರ ನಾಡಿನ ಪೈನ್ ಬಯಲುಗಳಲ್ಲಿ ಸಿಡಿಲಿನಿಂದ ಕೆಲವು ವರ್ಷಗಳಿಗೊಮ್ಮೆ ಕಾಳ್ಗಿಚ್ಚು ಹಬ್ಬುತ್ತಿತ್ತು. ಎತ್ತರದ ಹುಲ್ಲುಪೊದೆಗಳು ಸುಟ್ಟು ಹೋಗುತ್ತಿದ್ದುವು; ನೆಲದೊಳಗಿನ ಗಡ್ಡೆಯಿಂದ ನೊಣಬೋನು ಮತ್ತೆ ಚಿಗುರಿ ಧಾರಾಳವಾಗಿ ಬಿಸಿಲುಣ್ಣುತ್ತಿತ್ತು. ಮನೆಮಾರುಗಳನ್ನು ಕಾಪಾಡಲೆಂದು ಜನರು ಕಿಚ್ಚುಗಳನ್ನೆಲ್ಲ ಆರಿಸತೊಡಗಿದಾಗ ಪೊದೆಗಳು ಬೆಳೆದುವು, ನೆರಳಿನಲ್ಲಿ ಈ ಗಿಡಗಳು ಸೊರಗಿದುವು. ಈಗ ಅಲ್ಲಿಯ ರಕ್ಷಿತ ಪ್ರದೇಶಗಳಲ್ಲಿ ಹದವರಿತು ಬೆಂಕಿಯಿಡುತ್ತಾರೆ. ಕಳ್ಳರ ಕಾಟವೂ ಅಷ್ಟಿಷ್ಟಲ್ಲ. ಕಾಡಿನಿಂದ ಕಿತ್ತು ಮಾರುವವರು ಹೆಚ್ಚಿದುದರಿಂದ ಉತ್ತರ ಕ್ಯಾರೊಲೈನಾ ರಾಜ್ಯವು 2014ರಲ್ಲಿ ಈ ಕಳವನ್ನು ಘೋರ ಅಪರಾಧಗಳ ಸಾಲಿಗೆ ಸೇರಿಸಿತು. ಆಟದಲ್ಲಿ ಸುಟ್ಟ ಗಿಡವು ಆಟವನ್ನು ಮೊದಲಿನಿಂದ ಆಡಿದರೆ ಮತ್ತೆ ಎದ್ದು ನಿಲ್ಲುತ್ತದೆ.

ಕೀಟಾಹಾರಿ ಗಿಡವನ್ನು ಕಣ್ಣಾರೆ ಕಾಣಲು ಅಮೇರಿಕಕ್ಕೆ ಹೋಗಬೇಕಾಗಿಲ್ಲ. ಮಳೆಗಾಲದಲ್ಲಿ ಕಾಸರಗೋಡಿನ ಮುರಕಲ್ಲಿನ ಪಾರೆಗಳ ಮೇಲೆ ನೀರು ಜಿನುಗುವೆಡೆಗಳಲ್ಲಿ ಬಗ್ಗಿ ನೋಡಿದರೆ, ಎಲೆಯ ರೋಮಗಳ ತುದಿಯಲ್ಲಿ ಅಂಟಿನ ಹನಿಗಳನ್ನು ಹೊತ್ತ ಡ್ರೊಸೆರಾ ಸಿಗುತ್ತದೆ. ಸಣ್ಣ ನೊಣಗಳು ಅದಕ್ಕೆ ಅಂಟಿ ಸತ್ತಿರುವುದೂ ಕಾಣುತ್ತದೆ. ಓಣಂ ಹಬ್ಬದ ಹೂವಿನ ರಂಗೋಲಿಗೆ ಮಲಯಾಳಿ ಮನೆಗಳ ಮಕ್ಕಳು ಕೊಯ್ಯುವ ನೀಲಿಯ ‘ಕಾಕ್ಕಪ್ಪೂ’ ಕೂಡ ಕೀಟಾಹಾರಿಯೇ. ಯುಟ್ರಿಕ್ಯುಲೇರಿಯಾ ಎಂದು ಅದರ ಕುಲದ ಹೆಸರು. ಹೂವು ಮೇಲೆ ನಗುತ್ತಿರುವಾಗ ಕೆಸರಿನೊಳಗೆ ಸಾಸಿವೆಗಿಂತ ಚಿಕ್ಕ ಚೀಲಗಳು ನೀರಿನ ಸೂಕ್ಷ್ಮಜೀವಿಗಳನ್ನು ಹೀರಿಕೊಳ್ಳುತ್ತಿರುತ್ತವೆ. ಕೆಂಪುಕಲ್ಲಿನ ಕೋರೆಗಳು ಹಬ್ಬಿದಲ್ಲೆಲ್ಲ ಪಾರೆಯೊಂದಿಗೆ ಇವೂ ಹೋಗುತ್ತಿವೆ. ಈ ಕುಲದ ಚೀಲವೊಂದು ತನ್ನ ಬೇಟೆಯನ್ನು ಒಳಗೆಳೆದುಕೊಳ್ಳಲು ತೆಗೆದುಕೊಳ್ಳುವ ಕಾಲವನ್ನು 2011ರಲ್ಲಿ ಅತಿವೇಗದ ಕ್ಯಾಮೆರಾಗಳಿಂದ ಅಳೆದರು: ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ.