ಕೊಡೇಕಲ್ಲಿನ ಸೀಮೆಯೂ ಗ್ಲಾಕೋಮಾ ಎಂಬ ನೇತ್ರರೋಗವೂ

ಮೋತಿಬಿಂದು ಅಥವಾ ಕಣ್ಣಿನ ಪೊರೆ ಎಂಬದನ್ನು ಅರಿಯದ ಮನೆಯು ಕೊಡೇಕಲ್ಲಿನಲ್ಲಾಗಲಿ, ಹುಣಸಗಿ ಸುರಪುರಗಳಲ್ಲಾಗಲಿ ಇರಲಾರದು. ಅಜ್ಜಿಯ ಕಣ್ಣಿನಲ್ಲಿ ಬಿಳುಪು ಕಂಡರೆ ಶಸ್ತ್ರಕ್ರಿಯೆಯಿಂದ ದೃಷ್ಟಿಯು ತಿರಿಗಿ ಬರುವದೆಂದು ಮಕ್ಕಳು ಸಹ ಬಲ್ಲರು. ಈ ತಿಳುವಳಿಕೆಯನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದವರಲ್ಲಿ ಕೃಷ್ಣೆಯ ಸೀಮೆಯ ಬೀಳಗಿಯವರಾದ ಡಾಕ್ಟರ್ ಎಂ. ಸಿ. ಮೋದಿಯವರು ಅಗ್ರಗಣ್ಯರು. ಅವರು ಊರೂರುಗಳಲ್ಲಿ ಶಿಬಿರವನ್ನು ಹೂಡಿ, ಒಂದೇ ದಿನದಲ್ಲಿ ನೂರಾರು ಜನರ ಪೊರೆಯನ್ನು ತೆಗೆದರು. 1956ರಲ್ಲಿ ಪದ್ಮಶ್ರೀಯನ್ನೂ 1968ರಲ್ಲಿ ಪದ್ಮಭೂಷಣವನ್ನೂ ಪಡೆದು, 2005ರಲ್ಲಿ ತೀರಿಕೊಂಡರು. ಆದರೆ ಇಂಥ ಶಿಬಿರಗಳ ಉಪಕಾರದೊಡನೆ ಜನರಲ್ಲಿ ಒಂದು ತಪ್ಪು ಎಣಿಕೆಯೂ ಬೆಳೆದಿರುವದು. ಕಣ್ಣು ಎಷ್ಟು ಮಂದವಾದರೂ ಚಿಂತೆಯಿಲ್ಲ, ಶಿಬಿರ ಬಂದಾಗ ನೋಡಿಕೊಳ್ಳೋಣ ಎಂಬದೇ ಆ ಎಣಿಕೆ. ಗ್ಲಾಕೋಮಾದಲ್ಲಿ ಹೀಗೆ ಕಾದವರು ಕಣ್ಣನ್ನು ಕಳಕೊಳ್ಳುವರು. ಯಾಕಂದರೆ ಈ ರೋಗದಿಂದ ಹೋದ ದೃಷ್ಟಿಯು ಯಾವ ಔಷಧದಿಂದಲೂ ಯಾವ ಶಸ್ತ್ರದಿಂದಲೂ ಮರಳಿ ಬರಲಾರದು. ಉಳಿದದ್ದನ್ನು ಕಾಯುವದು ಮಾತ್ರ ಸಾಧ್ಯ.

ರೋಗದ ಬಗೆಯನ್ನು ತಿಳಿಯಲು ನಮ್ಮ ಸೀಮೆಯವರಿಗೆ ಕಾಲುವೆಯ ದೃಷ್ಟಾಂತವೇ ಸಾಕು. ಕಣ್ಣಿನ ಮುಂಭಾಗದೊಳಗೆ ತಿಳಿಯಾದ ನೀರು ಎಡೆಬಿಡದೆ ಉಂಟಾಗುತ್ತಿರುವದು. (ಇದು ಕಣ್ಣೀರಲ್ಲ, ಕಣ್ಣೀರು ಹೊರಗಿನದು.) ಈ ನೀರು ಕರಿಗುಡ್ಡೆಯ ಅಂಚಿನಲ್ಲಿರುವ ಸೂಕ್ಷ್ಮವಾದ ಜಾಲರಿಯ ಮೂಲಕ ಹೊರಟುಹೋಗಬೇಕು. ನಾರಾಯಣಪುರದ ಎಡದಂಡೆಯ ಕಾಲುವೆಯಿಂದ ಗದ್ದೆಗೆ ನೀರು ಬರುತ್ತಲೇ ಇದ್ದು, ಬಸಿಗಾಲುವೆಯಲ್ಲಿ ಹೂಳು ತುಂಬಿದರೆ ಒಡ್ಡಿನ ಮೇಲೆ ಒತ್ತಡ ಬೀಳುವದಲ್ಲವೇ? ಹಾಗೆಯೇ ಕಣ್ಣಿನೊಳಗೆ ಒತ್ತಡವು ಹೆಚ್ಚಿ, ಹಿಂಭಾಗದ ದೃಷ್ಟಿನರವನ್ನು ನಲುಗಿಸುವದು. ಆ ನರದಲ್ಲಿ ಸುಮಾರು 10 ಲಕ್ಷ ಎಳೆಗಳಿರುವವು. ಅವು ಒಂದೊಂದಾಗಿ ಸಾಯುವವು. ಒತ್ತಡವು ಸಾಧಾರಣವಾಗಿದ್ದರೂ ಕೆಲವರ ನರ ಕೆಡುವದುಂಟು. ಆದಕಾರಣ ಒತ್ತಡವನ್ನು ಅಳೆದ ಮಾತ್ರಕ್ಕೆ ಪರೀಕ್ಷೆಯು ಮುಗಿಯಲಿಲ್ಲ. ವೈದ್ಯರು ದೀಪದಿಂದ ನರದ ಬುಡವನ್ನೂ ನೋಡಬೇಕು. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿದ್ವಾಂಸನು ನೇತ್ರದರ್ಶಕ ಯಂತ್ರವನ್ನು ರಚಿಸಿದಂದಿನಿಂದ ಇದು ಸುಲಭವಾಯಿತು.

ರೋಗಿಗೆ ಇದು ತಿಳಿಯದೆ ಹೋಗುವದು ಹೇಗೆ? ಮೊದಲು ಹೋಗುವದು ಪಕ್ಕದ ನೋಟ. ನಡುವಿನ ನೋಟವು ಕಡೆಯ ತನಕ ಉಳಿಯುವದು. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬುವದು. ನೋವಿಲ್ಲ, ಕೆಂಪಿಲ್ಲ. ಬಾಗಿಲ ಪಟ್ಟಿಗೆ ಭುಜ ತಾಗಿದರೆ, ಪಕ್ಕದಿಂದ ಬಂದ ಎತ್ತು ಕಾಣದೆ ಹೋದರೆ, 'ವಯಸ್ಸಾಯಿತು' ಎನ್ನುವರು. ಯೆರಿಕೋವಿನ ದಾರಿಯಲ್ಲಿ ಕೂತಿದ್ದ ಬಾರ್ತಿಮಾಯನು ತನ್ನ ಕುರುಡನ್ನು ಬಲ್ಲವನಾದ್ದರಿಂದ ಕೂಗಿಕೊಂಡನು. ಈ ರೋಗಿಯು ತನಗೇನೂ ಇಲ್ಲವೆಂದು ನಂಬಿರುವದರಿಂದ ಕೂಗುವದೇ ಇಲ್ಲ. ಅಕ್ಷರಪಟದ ಪರೀಕ್ಷೆಯಲ್ಲಿಯೂ ಇವನು ಕೆಳಗಿನ ಸಾಲನ್ನು ಓದಿ, ಸಮಾಧಾನದಿಂದ ಮನೆಗೆ ಹೋಗಬಹುದು. ನಮ್ಮ ಸರ್ಕಾರವು ಆರಂಭಿಸಿದ ಆಶಾಕಿರಣ ಯೋಜನೆಯಂಥ ಕಣ್ಣಿನ ತಪಾಸಣೆಗಳು ಬಹಳ ಒಳ್ಳೆಯವು. ಆದರೆ ಓದಲು ಬಂದವರೆಲ್ಲರೂ ಆರೋಗ್ಯವಂತರೆಂದು ಎಣಿಸಲಾಗದು. 2010ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಭಾರತದಲ್ಲಿ 40 ವರುಷ ದಾಟಿದ ಸುಮಾರು 1 ಕೋಟಿ 12 ಲಕ್ಷ ಜನರಿಗೆ ಈ ರೋಗವಿದ್ದಿತು. ದಕ್ಷಿಣ ಭಾರತದ ಹಳ್ಳಿಗಳ ಸಮೀಕ್ಷೆಗಳಲ್ಲಿ, ರೋಗವಿದ್ದ ಹತ್ತು ಜನರಲ್ಲಿ ಒಂಬತ್ತು ಮಂದಿಗಾದರೂ ಅದು ಮೊದಲು ತಿಳಿದಿರಲಿಲ್ಲ.

ಹಾಗಾದರೆ ಯಾರನ್ನು ಹುಡುಕಬೇಕು? 40 ದಾಟಿದವರು, ಸಕ್ಕರೆ ರೋಗದವರು, ದಪ್ಪ ಕನ್ನಡಕದವರು, ಕಣ್ಣಿಗೆ ಪೆಟ್ಟು ಬಿದ್ದವರು, ಕಣ್ಣು ಕೆಂಪಾಯಿತೆಂದು ಔಷಧದ ಅಂಗಡಿಯಿಂದ ತಾವೇ ಕೇಳಿ ತಂದ ಸ್ಟೆರಾಯ್ಡ್ ಹನಿಗಳನ್ನು ತಿಂಗಳುಗಟ್ಟಲೆ ಹಾಕಿಕೊಂಡವರು, ಇವರೆಲ್ಲರೂ ಪರೀಕ್ಷೆ ಮಾಡಿಸಬೇಕಾದವರೇ. ಆದರೂ ಎಲ್ಲರಿಗಿಂತ ಮೊದಲು ರೋಗಿಯ ಒಡಹುಟ್ಟಿದವರನ್ನೂ ಮಕ್ಕಳನ್ನೂ ಕರೆಯತಕ್ಕದ್ದು. ಅವರಿಗೆ ಅಪಾಯವು ಇತರರಿಗಿಂತ ಅನೇಕ ಪಟ್ಟು ಹೆಚ್ಚು. ಈ ಕೆಲಸಕ್ಕೆ ದೊಡ್ಡ ಯಂತ್ರವು ಬೇಡ, ಒಂದು ಹಾಳೆ ಸಾಕು. ಅಕ್ಕನನ್ನು ಯಾವ ಊರಿಗೆ ಕೊಟ್ಟಿದೆ, ತಮ್ಮನು ಯಾವ ಪಟ್ಟಣದಲ್ಲಿ ಕೂಲಿಗೆ ಇದ್ದಾನೆ ಎಂಬದನ್ನು ಹೆಂಗಸರಷ್ಟು ಚೆನ್ನಾಗಿ ಯಾವ ದಫ್ತರವೂ ಬಲ್ಲದೇ? ಕೊಡೇಕಲ್ ಬಸವಣ್ಣನವರ ಜಾತ್ರೆಗೆ ಬೀಗರು ನೆಂಟರು ಕೂಡುವಾಗ ಆ ಹಾಳೆಯನ್ನು ತುಂಬಿಕೊಳ್ಳಬಹುದು. ಆಶಾ ಕಾರ್ಯಕರ್ತೆಯರಾಗಿಯೂ ದಾದಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ಇರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇದು ಕಠಿಣವಲ್ಲ.

ಕೂಸುಗಳ ವಿಷಯವನ್ನು ಬಿಡಲಾಗದು. ಹುಟ್ಟಿನಿಂದಲೇ ಬರುವ ಗ್ಲಾಕೋಮಾ ಒಂದುಂಟು. ರಕ್ತಸಂಬಂಧದ ಮದುವೆಗಳಿರುವ ಮನೆತನಗಳಲ್ಲಿ ಇದು ಹೆಚ್ಚು. ಅಂಥ ಕೂಸಿನ ಕಣ್ಣುಗಳು ಒತ್ತಡದಿಂದ ಹಿಗ್ಗಿ ದೊಡ್ಡವಾಗುವವು. ನೋಡಿದವರು 'ಎಷ್ಟು ಚಂದದ ಕಣ್ಣು' ಎಂದು ದೃಷ್ಟಿ ತೆಗೆಯುವರು. ಬೆಳಕಿಗೆ ಮುಖ ತಿರುಗಿಸುವದು, ನೀರು ಸುರಿಯುವದು, ಕರಿಗುಡ್ಡೆಯು ಮಬ್ಬಾಗುವದು, ಇವು ಕಂಡರೆ ದಿನ ತಡೆಯದೆ ನೇತ್ರವೈದ್ಯರಿಗೆ ತೋರಿಸಬೇಕು. ಎಳವೆಯಲ್ಲಿ ಮಾಡಿದ ಶಸ್ತ್ರಕ್ರಿಯೆಯಿಂದ ಕಣ್ಣು ಉಳಿಯಬಹುದು. ದೊಡ್ಡವರಲ್ಲಿಯೂ ಒಮ್ಮೊಮ್ಮೆ ನೀರಿನ ದಾರಿಯು ಥಟ್ಟನೆ ಮುಚ್ಚಿ, ಕಣ್ಣು ಕೆಂಪೇರಿ, ತಲೆ ಸಿಡಿದು, ವಾಂತಿಯಾಗಿ, ದೀಪದ ಸುತ್ತಲೂ ಬಣ್ಣದ ಬಳೆಗಳು ಕಾಣುವವು. ಇದನ್ನು ಪಿತ್ತವೆಂದು ಎಣಿಸಿ ಕಷಾಯ ಕುಡಿಸುತ್ತಾ ಕೂತರೆ ಕೆಲವೇ ದಿನಗಳಲ್ಲಿ ಆ ಕಣ್ಣು ಹೋಗಬಹುದು. 'ಪೊರೆ ಚೆನ್ನಾಗಿ ಬಲಿಯಲಿ' ಎಂದು ವರುಷಗಟ್ಟಲೆ ಕಾಯುವವರಲ್ಲಿಯೂ ಬಲಿತ ಪೊರೆಯಿಂದಲೇ ಈ ಒತ್ತಡವು ಉಂಟಾಗುವದುಂಟು.

ರೋಗವು ಗೊತ್ತಾದ ಮೇಲೆ ಬೇರೊಂದು ಕಷ್ಟ ಬರುವದು. ಪೊರೆಯವನು ಒಮ್ಮೆ ಹೋಗಿ ಬಂದರೆ ಸಾಕು. ಗ್ಲಾಕೋಮಾದವನು ದಿನಾಲು ಹನಿ ಹಾಕಿಕೊಳ್ಳಬೇಕು, ಕೆಲವು ತಿಂಗಳಿಗೊಮ್ಮೆ ತೋರಿಸಿಕೊಳ್ಳಬೇಕು, ಅದೂ ಜೀವಮಾನವೆಲ್ಲಾ. ಕೊಡೇಕಲ್ಲಿನವನು ಅದಕ್ಕಾಗಿ ಸುರಪುರಕ್ಕೋ ಯಾದಗಿರಿಗೋ ಕಲಬುರಗಿಗೋ ಹೋಗುವದೆಂದರೆ ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ಜೊತೆಗಾರನ ಕೂಲಿಯೂ ಹೋದಂತೆ. ಹನಿಯಿಂದ ನೋಟವು ಹೆಚ್ಚುವದಿಲ್ಲ. 'ಗುಣ ಕಾಣಲಿಲ್ಲ' ಎಂದು ಎರಡನೆಯ ಸೀಸೆಗೇ ಬಿಡುವವರುಂಟು. ಇಂಥವರನ್ನು ಬಯ್ಯುವದು ನ್ಯಾಯವಲ್ಲ. ಹನಿಯು ಯಾತಕ್ಕೆಂದು ಅವರಿಗೆ ಯಾರಾದರೂ ಕೂತು ಹೇಳಿದ್ದರೇ? ಅಗ್ಗದ ಹನಿಗಳು ಜನೌಷಧಿ ಅಂಗಡಿಗಳಲ್ಲಿ ದೊರೆಯಬಹುದು. ವೈದ್ಯರನ್ನು ಕೇಳಿ ಕೊಳ್ಳಬೇಕು. ಉಬ್ಬಸವಿರುವವರು ಅದನ್ನು ಮೊದಲೇ ಹೇಳಬೇಕು, ಯಾಕಂದರೆ ಟಿಮೊಲೊಲ್ ಎಂಬ ಹನಿಯು ಅಂಥವರಿಗೆ ಸಲ್ಲದು. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಬೇಕು. ಕೆಲವು ಸೀಸೆಗಳನ್ನು ತಂಪಿನಲ್ಲಿ ಇಡತಕ್ಕದ್ದರಿಂದ ನಮ್ಮ ಸೀಮೆಯ ಬೇಸಿಗೆಯಲ್ಲಿ ಕಿಟಕಿಯ ಮೇಲೆ ಬಿಡಲಾಗದು. ಸುಗ್ಗಿ ಮುಗಿಸಿ ಬೆಂಗಳೂರು ಮುಂಬಯಿಗಳಿಗೆ ದುಡಿಯಲು ಹೊರಡುವ ಮನೆಯವರು ಒಂದು ಸೀಸೆಯನ್ನು ಹೆಚ್ಚಾಗಿ ಕಟ್ಟಿಕೊಂಡು, ಔಷಧದ ಹೆಸರನ್ನೂ ಮುಂದಿನ ತಪಾಸಣೆಯ ತಾರೀಖನ್ನೂ ಚೀಟಿಯಲ್ಲಿ ಬರೆಸಿಕೊಂಡು ಹೋಗಲಿ. ಓದಲು ಬಲ್ಲ ಮಗಳ ಕೈಯಲ್ಲಿ ಆ ಚೀಟಿ ಇರಲಿ.