ಹೃದಯದ ಇಂಧನ ಅಳೆಯುವ ಮಗಳಿಗೆ

ನಮ್ಮ ಹೊಣಕೆರೆಯ ಹುಡುಗಿ ಹೃದಯದ ಚಿತ್ರಣಕ್ಕೆಂದು ವಿಕಿರಣ ಹಚ್ಚಿದ ಕೊಬ್ಬಿನಾಮ್ಲಗಳ ಸಂಶೋಧನೆಗೆ ಸೇರಿದಳೆಂದು ಕೇಳಿ ಮನಸ್ಸು ತುಂಬಿತು ಕಣಮ್ಮ. ಇದೇ ಕೆಲಸದಲ್ಲಿ ಕೂದಲು ನರೆತವನ ಮಾತು ಒಂದೇ: ಹೃದಯಕ್ಕೆ ಎಷ್ಟು ಸೇರಿತು ಎಂಬ ಅಂಕಿಯೊಂದಕ್ಕೇ ಮರುಳಾಗಬೇಡ.

ಹೊಟ್ಟೆ ಖಾಲಿಯಿದ್ದಾಗ ಹೃದಯ ತನ್ನ ಶಕ್ತಿಯ ಬಹುಪಾಲನ್ನು ಕೊಬ್ಬಿನಾಮ್ಲ ಉರಿಸಿಯೇ ಪಡೆಯುತ್ತದೆ. ರಕ್ತ ಸಾಲದ ಕಡೆ ಆ ಉರಿ ತಗ್ಗಿ, ಸ್ನಾಯು ಗ್ಲೂಕೋಸಿನತ್ತ ತಿರುಗುತ್ತದೆ. ರಕ್ತ ಮತ್ತೆ ಹರಿದ ಮೇಲೂ ಈ ಗುರುತು ಗಂಟೆಗಟ್ಟಲೆ, ಕೆಲವೊಮ್ಮೆ ಮರುದಿನದವರೆಗೂ ಉಳಿಯುತ್ತದೆ. ರಾತ್ರಿ ಎದೆನೋವು ಬಂದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗಿ, ಬೆಳಗಿನ ಬಸ್ಸಿಗೆ ಬಿ.ಜಿ. ನಗರದ ಆಸ್ಪತ್ರೆಗೆ ಹೊರಡುವ ನಮ್ಮವರನ್ನು ನೆನೆ. (ಹಾಗೆ ಕಾಯಲೇಬಾರದು, ಊರಿಗೆ ಹೋದಾಗಲೆಲ್ಲ ಹೇಳು.) ತಡವಾಗಿ ಬಂದವರಲ್ಲೂ ಆ ಗುರುತನ್ನು ಕಾಣಿಸುವುದರಲ್ಲೇ ನಿನ್ನ ಕೆಲಸದ ಬೆಲೆಯಿದೆ.

ವಿಕಿರಣ ಹಚ್ಚಿದ ಆಮ್ಲಗಳಲ್ಲಿ ಇಂಗಾಲ-11 ಪಾಲ್ಮಿಟೇಟ್ ಹೃದಯದ ನಿಜವಾದ ಆಹಾರವೇ. ಆದರೆ ಅರ್ಧಾಯು 20 ನಿಮಿಷ. ಪಕ್ಕದಲ್ಲೇ ಸೈಕ್ಲೋಟ್ರಾನ್ ಇರಬೇಕು. ಅಯೋಡಿನ್-123ಕ್ಕೆ 13 ಗಂಟೆ ಸಿಗುತ್ತದೆ. ಅದನ್ನು ನೇರವಾಗಿ ಕೊಬ್ಬಿನಾಮ್ಲದ ಇಂಗಾಲ ಸರಪಳಿಯ ತುದಿಗೆ ಕೂರಿಸಿದಾಗ ಕಳಚಿ ರಕ್ತಕ್ಕೆ ಬಂತು. ಫಿನೈಲ್ ಉಂಗುರಕ್ಕೆ ಕಟ್ಟಿದಾಗ ನಿಂತಿತು. ಬಳಿಕ ಸರಪಳಿಯ ಬೀಟಾ ಇಂಗಾಲಕ್ಕೆ ಒಂದು ಮೀಥೈಲ್ ಸೇರಿಸಿದರು. ಗಾಣಕ್ಕೆ ಬಂದ ಕಬ್ಬು ಅರೆಯದೆ ಅಲ್ಲೇ ನಿಂತ ಹಾಗೆ, ಆ ಅಣು ಬೇಗ ಉರಿಯದೆ ಹೃದಯದಲ್ಲೇ ಉಳಿದು, ಕ್ಯಾಮೆರಾಕ್ಕೆ ಸಮಯ ಕೊಟ್ಟಿತು. ಬಿಎಂಐಪಿಪಿ ಎಂಬ ಈ ಅಣು 1993ರಿಂದ ಜಪಾನಿನ ಆಸ್ಪತ್ರೆಗಳಲ್ಲಿದೆ.

ನಮ್ಮಲ್ಲಿ ಸುಲಭವಾಗಿ ಸಿಗುವುದು ಟೆಕ್ನೀಷಿಯಂ-99ಎಂ. ಅರ್ಧಾಯು 6 ಗಂಟೆ. ಆಸ್ಪತ್ರೆಯ ಜನರೇಟರಿನಿಂದಲೇ ತೆಗೆಯಬಹುದು. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದವರು ಅದನ್ನು ಕೊಬ್ಬಿನಾಮ್ಲಗಳಿಗೆ ಜೋಡಿಸಿ ಬಿಳಿ ಇಲಿಗಳಲ್ಲಿ ಪರೀಕ್ಷಿಸಿದ್ದಾರೆ. ಕಷ್ಟವೇನೆಂದರೆ, ಈ ಲೋಹಕ್ಕೊಂದು ಹಿಡಿಕೆಯ ಅಣು ಬೇಕು, ಅದು ದಪ್ಪನೆಯದು. ಅಷ್ಟು ಭಾರ ಹೊತ್ತ ಆಮ್ಲವನ್ನು ಹೃದಯ ತನ್ನ ಆಹಾರವೆಂದು ಒಪ್ಪಿತೋ, ಅದು ಬರಿದೇ ರಕ್ತದ ಜೊತೆ ಬಂದು ಹೋಯಿತೋ?

ಅದನ್ನು ತಿಳಿಯಲು ಹೃದಯದ ಪಕ್ಕದಲ್ಲೇ ರಕ್ತ, ಯಕೃತ್ತು, ಶ್ವಾಸಕೋಶವನ್ನೂ ಎಣಿಸು. ಯಕೃತ್ತು ಹೊಳೆದರೆ ಹೃದಯದ ಕೆಳಗೋಡೆ ಕಾಣುವುದಿಲ್ಲ. ಒಂದೇ ಹೊತ್ತಿನಲ್ಲಿ ಅಳೆದು ಮುಗಿಸಬೇಡ. ನಿಮಿಷಗಳು ಕಳೆದಂತೆ ಎಷ್ಟು ಉಳಿಯಿತು, ಯಾವ ರೂಪದಲ್ಲಿ ಉಳಿಯಿತು ಎಂದೂ ನೋಡು. ಇಲಿ ಉಪವಾಸವಿತ್ತೇ, ಮೇವು ತಿಂದಿತ್ತೇ ಎಂಬುದನ್ನು ತಪ್ಪದೆ ಬರೆ. ತಿಂದ ಇಲಿಯ ಹೃದಯ ಗ್ಲೂಕೋಸಿನತ್ತ ವಾಲುತ್ತದೆ. ಅಯೋಡಿನ್ ಹಚ್ಚಿದ ಆಮ್ಲವನ್ನು ಅದೇ ಪ್ರಯೋಗದಲ್ಲಿ ಪಕ್ಕದಲ್ಲಿಟ್ಟು ಹೋಲಿಸು.

ಹೃದಯದಲ್ಲಿ ನಿಲ್ಲದ ಅಣುವಿನ ಅಂಕಿಗಳನ್ನೂ ಪ್ರಕಟಿಸಮ್ಮ. ನಿನ್ನ ಹಿಂದೆ ಬರುವವರು ಅದಕ್ಕಾಗಿ ಮತ್ತೆ ಇಲಿಗಳ ಜೀವ ತೆಗೆಯದಿರಲಿ.