ಎಳನೀರು, ಮೂತ್ರಪಿಂಡ ಮತ್ತು ಔಷಧ

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಕಾಯಿಲೆಯವರನ್ನು ನೋಡಹೋಗುವವರು ಬರಿಗೈಯಲ್ಲಿ ಹೋಗುವ ವಾಡಿಕೆಯಿಲ್ಲ. ಎರಡು ಎಳನೀರನ್ನೋ ಒಂದು ಚಿಪ್ಪು ಬಾಳೆಯಹಣ್ಣನ್ನೋ ಒಯ್ಯುವುದು ರೂಢಿ. ಮದ್ದೂರಿನ ಮಾರುಕಟ್ಟೆಯಿಂದ ದೂರದ ಪಟ್ಟಣಗಳಿಗೆ ಲಾರಿಗಳಲ್ಲಿ ಹೋಗುವ ಎಳನೀರು ತಂಪಾದುದು, ಯಾರಿಗೂ ಕೆಡುಕು ಮಾಡದುದು ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಆರೋಗ್ಯವಂತರ ವಿಷಯದಲ್ಲಿ ಈ ನಂಬಿಕೆ ಸರಿಯಾದುದೇ. ಆದರೆ ಮೂತ್ರಪಿಂಡಗಳು ಬಲಗುಂದಿದವರ ವಿಷಯದಲ್ಲಿ, ಅದರಲ್ಲಿಯೂ ಕೆಲವು ಔಷಧಗಳನ್ನು ಸೇವಿಸುತ್ತಿರುವವರ ವಿಷಯದಲ್ಲಿ, ಅದು ಪ್ರಾಣಾಪಾಯಕ್ಕೂ ಕಾರಣವಾಗಬಹುದು. ಈ ಭೇದವು ಏತರಿಂದ ಉಂಟಾಗುವುದೆಂಬುದನ್ನು ಇಲ್ಲಿ ವಿಚಾರಿಸೋಣ.

ಎಳನೀರಿನಲ್ಲಿರುವ ಮುಖ್ಯ ಲವಣಾಂಶವು ಪೊಟ್ಯಾಸಿಯಂ. 1807ರಲ್ಲಿ ಹಂಫ್ರಿ ಡೇವಿ ಎಂಬ ಆಂಗ್ಲ ವಿಜ್ಞಾನಿಯು ಕ್ಷಾರದ ಮೂಲಕ ವಿದ್ಯುತ್ತನ್ನು ಹರಿಸಿ ಈ ಲೋಹವನ್ನು ಬೇರ್ಪಡಿಸಿದನು. ನಮ್ಮ ಶರೀರದ ಪೊಟ್ಯಾಸಿಯಂನಲ್ಲಿ ನೂರಕ್ಕೆ 98 ಪಾಲು ಜೀವಕೋಶಗಳ ಒಳಗಿರುವುದು, ರಕ್ತದಲ್ಲಿರುವುದು ಅತ್ಯಲ್ಪ. ಒಂದು ಲೀಟರ್ ರಕ್ತದ್ರವದಲ್ಲಿ ಅದು ಸುಮಾರು 3.5ರಿಂದ 5 ಮಿಲಿಮೋಲ್‌ಗಳ ಎಲ್ಲೆಯಲ್ಲಿಯೇ ಇರತಕ್ಕದ್ದು. ಬಹಳ ಇಳಿದರೆ ಸ್ನಾಯುಗಳು ಸೋಲುವುವು. ಬಹಳ ಏರಿದರೆ ಹೃದಯದ ಬಡಿತವು ತಪ್ಪಿ, ನಿಂತೇ ಹೋಗಬಹುದು. ಹೆಚ್ಚಾದುದನ್ನು ಹೊರಹಾಕುವ ಕಾರ್ಯದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಮೂತ್ರಪಿಂಡಗಳದು.

ಈ ಕಾರ್ಯವು ನಡೆಯುವ ಬಗೆಯನ್ನು ತಿಳಿಯಲು ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆಯ ತೂಬುಗಳನ್ನು ನೆನೆದರೆ ಸಾಕು. ನೀರು ಎಷ್ಟು ಹರಿಯಬೇಕೋ ಅಷ್ಟಕ್ಕೆ ನೀರುಗಂಟಿಯು ತೂಬನ್ನು ತೆರೆಯುವನು, ಮುಚ್ಚುವನು. ಹಾಗೆಯೇ ಜೀವಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಮಾತ್ರವೇ ಸಾಗತಕ್ಕ ಅತಿ ಸೂಕ್ಷ್ಮವಾದ ತೂಬುಗಳಿವೆ. ಅಂತಹ ತೂಬೊಂದರ ರಚನೆಯನ್ನು 1998ರಲ್ಲಿ ಸ್ಪಷ್ಟವಾಗಿ ತೋರಿಸಿಕೊಟ್ಟ ರಾಡ್ರಿಕ್ ಮೆಕಿನನ್ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಮೂತ್ರಪಿಂಡದಲ್ಲಿರುವ ಈ ಬಗೆಯ ಮುಖ್ಯ ತೂಬಿಗೆ ‘ರೋಮ್ಕ್’ ಎಂದು ಹೆಸರು. ಇಲ್ಲಿ ನೀರುಗಂಟಿಯ ಕೆಲಸ ಮಾಡುವುದು ಮೂತ್ರಪಿಂಡದ ಮೇಲೆ ಕುಳಿತಿರುವ ಗ್ರಂಥಿಯಿಂದ ಸ್ರವಿಸುವ ಆಲ್ಡೋಸ್ಟೆರೋನ್ ಎಂಬ ರಸ. ರಕ್ತದಲ್ಲಿ ಪೊಟ್ಯಾಸಿಯಂ ಏರಿದೊಡನೆ ಈ ರಸವೂ ಹೆಚ್ಚುವುದು.

ಇದರಲ್ಲಿ ಒಂದು ವಿಶೇಷವುಂಟು. ತೂಬುಗಳ ಸಂಖ್ಯೆ ಸದಾ ಒಂದೇ ಆಗಿರುವುದಿಲ್ಲ. ಇಲಿಗಳಿಗೆ ಕೆಲವು ದಿನ ಪೊಟ್ಯಾಸಿಯಂ ಹೇರಳವಾಗಿರುವ ಆಹಾರವನ್ನು ಕೊಟ್ಟರೆ ಮೂತ್ರನಾಳಗಳ ಕೋಶಗಳಲ್ಲಿ ತೆರೆದಿರುವ ತೂಬುಗಳು ಹೆಚ್ಚುವುವು. ಅದನ್ನು ಕಡಿಮೆ ಮಾಡಿದರೆ ಕೋಶಗಳು ತೂಬುಗಳನ್ನು ಒಳಕ್ಕೆಳೆದುಕೊಳ್ಳುವುವು. ಎಂದರೆ, ಹಿಂದಿನ ದಿನಗಳ ಊಟವನ್ನು ಮೂತ್ರಪಿಂಡವು ನೆನಪಿಟ್ಟುಕೊಂಡಿರುವುದು. ರೋಮ್ಕ್ ತೂಬನ್ನು ಮುಚ್ಚುವ ಔಷಧಗಳು ಇನ್ನೂ ಪ್ರಯೋಗದ ಹಂತದಲ್ಲಿವೆ. ಅವು ಉಪ್ಪನ್ನೂ ನೀರನ್ನೂ ಹೊರಡಿಸಿ ರಕ್ತದ ಒತ್ತಡವನ್ನು ಇಳಿಸುವುವು. ಆದರೆ ಪೊಟ್ಯಾಸಿಯಂ ಹೆಚ್ಚಾಗಿ ಉಂಡ ಪ್ರಾಣಿಯಲ್ಲಿ ‘ಬಿ.ಕೆ.’ ಎಂಬ ಮತ್ತೊಂದು ಬಗೆಯ ತೂಬುಗಳೂ ಕೆಲಸಕ್ಕೆ ತೊಡಗಿರುತ್ತವೆ. ರೋಮ್ಕ್ ಇಲ್ಲದೆ ಹುಟ್ಟಿದ ಇಲಿಗಳು ಸಹ ಇವುಗಳ ಮೂಲಕ ಪೊಟ್ಯಾಸಿಯಂ ಅನ್ನು ಹೊರಹಾಕಬಲ್ಲುವು. ಆದುದರಿಂದ ಒಂದು ತೂಬನ್ನು ಮುಚ್ಚಿದುದರ ಫಲವೇನೆಂಬುದು, ಆ ವೇಳೆಗೆ ಬೇರೆ ಎಷ್ಟು ತೂಬುಗಳು ತೆರೆದಿವೆ ಎಂಬುದನ್ನು ಅವಲಂಬಿಸಿರುವುದು. ಔಷಧವೊಂದೇ ಆದರೂ ಊಟವು ಬೇರೆಯಾದರೆ ಮೂತ್ರಪಿಂಡದ ಉತ್ತರವೂ ಬೇರೆಯಾಗಬಹುದು.

ಪ್ರಯೋಗಶಾಲೆಯ ಈ ಪಾಠವು ನಮ್ಮ ಮನೆಗಳಿಗೂ ಅನ್ವಯಿಸತಕ್ಕದ್ದು. ರಕ್ತದೊತ್ತಡಕ್ಕಾಗಿ ಅನೇಕರು ಸೇವಿಸುವ ಎನಲಾಪ್ರಿಲ್, ಲೋಸಾರ್ಟಾನ್, ಟೆಲ್ಮಿಸಾರ್ಟಾನ್‌ಗಳು ನೀರುಗಂಟಿಯ ಸಂಖ್ಯೆಯನ್ನೇ ತಗ್ಗಿಸುವುವು. ಸ್ಪೈರೊನೊಲಾಕ್ಟೋನ್ ಅವನ ಮಾತು ನಡೆಯದಂತೆ ಮಾಡುವುದು. ಇವು ಒಳ್ಳೆಯ ಔಷಧಗಳೇ. ಮೂತ್ರಪಿಂಡವು ಗಟ್ಟಿಯಾಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಮಧುಮೇಹದಿಂದಲೋ ಒತ್ತಡದಿಂದಲೋ ಅದು ಸವೆದಿದ್ದು, ಮೇಲೆ ಪ್ರತಿದಿನವೂ ಎಳನೀರು ಸೇರಿದರೆ, ಒಳಬರುವುದು ಹೆಚ್ಚಿ ಹೊರಹೋಗುವುದು ಕುಗ್ಗುವುದು. 100 ಮಿಲಿಲೀಟರ್ ಎಳನೀರಿನಲ್ಲಿ ಸುಮಾರು 200ರಿಂದ 250 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. 300 ಮಿಲಿಲೀಟರ್ ಹಿಡಿಯುವ ಒಂದು ಕಾಯಿಯಲ್ಲಿ 600ರಿಂದ 750 ಮಿಲಿಗ್ರಾಂ ಆಯಿತು. ದಿನಕ್ಕೆ 2000 ಮಿಲಿಗ್ರಾಂಗೆ ಮಿತಿಗೊಳಿಸಲ್ಪಟ್ಟ ರೋಗಿಗೆ ಒಂದೇ ಎಳನೀರು ಮೂರನೆಯ ಒಂದು ಪಾಲಾಗುವುದು. ಇದಕ್ಕೆ ವ್ಯತಿರಿಕ್ತವಾಗಿ, ಫ್ಯೂರೊಸೆಮೈಡಿನಂತಹ ಮೂತ್ರವರ್ಧಕಗಳು ಪೊಟ್ಯಾಸಿಯಂ ಅನ್ನು ಕಳೆಯುವುವು. ಅಂಥವರಿಗೆ ವೈದ್ಯರೇ ಹಣ್ಣುಗಳನ್ನು ಹೇಳುವುದುಂಟು. ಒಬ್ಬರಿಗೆ ಪಥ್ಯವಾದುದು ಮತ್ತೊಬ್ಬರಿಗೆ ಅಪಥ್ಯ.

ಇನ್ನು ಅಡಿಗೆಯ ಮನೆಯ ವಿಚಾರ. ಸೊಪ್ಪನ್ನೂ ಕಾಳನ್ನೂ ಹೆಚ್ಚು ನೀರಿನಲ್ಲಿ ಬೇಯಿಸಿದರೆ ಅವುಗಳ ಪೊಟ್ಯಾಸಿಯಂನ ಒಂದು ಭಾಗವು ನೀರಿಗೆ ಇಳಿಯುವುದು. ನಮ್ಮ ಸೀಮೆಯಲ್ಲಿ ಆ ನೀರನ್ನು ಚೆಲ್ಲುವುದಿಲ್ಲ. ಬಸಿದು ಬಸ್ಸಾರು ಮಾಡಿ, ರಾಗಿಮುದ್ದೆಯೊಡನೆ ಉಣ್ಣುವುದೇ ಪದ್ಧತಿ. ಆರೋಗ್ಯವಂತರಿಗೆ ಇದಕ್ಕಿಂತ ಒಳ್ಳೆಯ ಊಟವಿಲ್ಲ. ಮಿತಿಯಲ್ಲಿರಬೇಕಾದ ರೋಗಿಗಾದರೋ ಬಸಿದ ಪಲ್ಯವನ್ನು ಬಡಿಸಿ, ಬಸ್ಸಾರನ್ನು ಉಳಿದವರಿಗೆ ಬಡಿಸುವುದು ಲೇಸು. ‘ಕಡಿಮೆ ಸೋಡಿಯಂ’ ಎಂದು ಅಂಗಡಿಯಲ್ಲಿ ಮಾರುವ ಉಪ್ಪುಗಳಲ್ಲಿ ಸಾಧಾರಣವಾಗಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆತಿರುವುದರಿಂದ, ಅಂತಹ ರೋಗಿಗೆ ವೈದ್ಯರನ್ನು ಕೇಳದೆ ಅವನ್ನು ಕೊಡಲಾಗದು.

ಪೊಟ್ಯಾಸಿಯಂ ಏರಿದಾಗ ಅನೇಕವೇಳೆ ಯಾವ ನೋವೂ ತೋರುವುದಿಲ್ಲ. ರಕ್ತಪರೀಕ್ಷೆಯೇ ಅದನ್ನು ತಿಳಿಸಬೇಕು. ಆದುದರಿಂದ ಈ ಔಷಧಗಳನ್ನು ಸೇವಿಸುವ ಹಿರಿಯರ ರಕ್ತದಲ್ಲಿ ಪೊಟ್ಯಾಸಿಯಂ, ಕ್ರಿಯಾಟಿನಿನ್‌ಗಳ ಪ್ರಮಾಣವನ್ನು ವೈದ್ಯರು ಹೇಳಿದ ಕಾಲಕ್ಕೆ ನೋಡಿಸತಕ್ಕದ್ದು. ಕೈಕಾಲುಗಳು ಬಲವಿಲ್ಲದಂತಾದರೆ, ಎದೆಬಡಿತವು ತಪ್ಪಿದರೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಆದರೆ ಭಯದಿಂದ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ತರವಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಗೃಹಿಣಿಯರಾಗಿ ಅತ್ತೆಮಾವಂದಿರ, ತಂದೆತಾಯಿಗಳ ಪಥ್ಯಪಾನಗಳ ಹೊಣೆಯನ್ನು ಹೊತ್ತಿರುವರು. ವೈದ್ಯರ ಬಳಿಗೆ ಹೋಗುವಾಗ ಔಷಧಗಳ ಚೀಟಿಯೊಡನೆ, ಮನೆಯಲ್ಲಿ ವಾರವೆಲ್ಲ ಏನನ್ನು ಉಂಡರು, ಏನನ್ನು ಕುಡಿದರು ಎಂಬುದನ್ನೂ ಒಂದು ಹಾಳೆಯಲ್ಲಿ ಬರೆದು ಒಯ್ಯಲಿ. ವೈದ್ಯರು ಕೇಳದಿದ್ದರೂ ಹೇಳಲಿ. ತೂಬುಗಳು ಎಷ್ಟು ತೆರೆದಿವೆಯೆಂಬುದು ಕಣ್ಣಿಗೆ ಕಾಣದು. ನಾಲೆಗೆ ಎಷ್ಟು ಹರಿಯಿತೆಂಬುದನ್ನಾದರೋ ಮನೆಯವರೇ ಬಲ್ಲರು.